ಕಿಲ್‌ಬ್ರಾನಾ ಚರ್ಚಿನ ಕೊನೆಯ ಸುಗ್ಗಿ

ಹೋದ ವಾರ ಬಿರುಗಾಳಿಗೆ ಎಲ್ಲೋ ತಂತಿ ಹರಿದು, ಡಬ್ಲಿನ್ ಹೊರವಲಯದ ಕ್ಯಾಸಲ್‌ನಾಕ್‌ನ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಪಕ್ಕದ ಮನೆಯವರು ಗ್ಯಾರೇಜಿನಿಂದ ಹಳೆಯ ಸೀಮೆಎಣ್ಣೆ ಹೀಟರ್ ಒಂದನ್ನು ಹೊರಗೆಳೆದು ಹಚ್ಚಿ, ಚಳಿ ಕಾಯಿಸಿಕೊಳ್ಳಲು ನಮ್ಮನ್ನೂ ಕರೆದರು. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಮೈಸೂರಿನಲ್ಲಿ ಬೆಳೆದವಳಿಗೆ ನೆನಪಾಗಬೇಕಾದದ್ದು ಪಂಪ್ ಸ್ಟೋವು, ರೇಷನ್ ಅಂಗಡಿಯ ಸಾಲು. ನನಗೆ ನೆನಪಾದದ್ದು ಐರ್ಲೆಂಡಿನ ಪಶ್ಚಿಮದಲ್ಲಿ, ಗಾಲ್ವೇ ಕಡೆಯ ಒಂದು ಪುಟ್ಟ ಹಳ್ಳಿಯ ಚರ್ಚು. ಅದರ ತೇವದ ಕಲ್ಲುನೆಲ, ಮತ್ತು ಬೆಂಚಿನ ತುದಿಯಲ್ಲಿ ಸೀರೆಯ ಮೇಲೆ ಎರಡೆರಡು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದ ನಮ್ಮಮ್ಮ.

ಆ ವರ್ಷ ನನಗೆ ಗಾಲ್ವೇ ಪಕ್ಕದ ಪಾರ್ಕ್‌ಮೋರ್‌ನಲ್ಲಿ, ಹೃದಯದ ಸ್ಟೆಂಟ್ ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನನ್ನ ಗಂಡ ರಘು ಡಬ್ಲಿನ್‌ನ ಆಸ್ಪತ್ರೆಯಲ್ಲಿ ಡಾಕ್ಟರು. ಅವನು ಬಿಟ್ಟು ಬರುವ ಹಾಗಿರಲಿಲ್ಲ, ನಾನು ಈ ಕೆಲಸ ಬಿಡುವ ಹಾಗಿರಲಿಲ್ಲ. ಗಾಲ್ವೇ ಪಟ್ಟಣದೊಳಗೆ ಬಾಡಿಗೆಗೆ ಒಂದು ಕೋಣೆಯೂ ಸಿಗದೆ, ಹುಡುಕುತ್ತಾ ಹುಡುಕುತ್ತಾ ಊರಿಂದ ದೂರ ದೂರ ಸರಿದು, ಕೊನೆಗೆ ಕಿಲ್‌ಬ್ರಾನಾ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆ ಹಿಡಿದೆ. ಒಂದೇ ಬೀದಿಯ ಊರು. ಅರ್ಧ ಪಬ್ಬು ಅರ್ಧ ದಿನಸಿ ಅಂಗಡಿಯಾಗಿದ್ದ ಒಂದು ಕಟ್ಟಡ, ಒಂದು ಶಾಲೆ, ದಿಬ್ಬದ ಮೇಲೆ ದೊಡ್ಡ ಕ್ಯಾಥೊಲಿಕ್ ಚರ್ಚು. ನಮ್ಮ ಹಿತ್ತಲ ಗೋಡೆಯ ಆಚೆ, ಕಪ್ಪು ಹಸಿರಿನ ಯೂ ಮರಗಳ ನಡುವೆ, ಇನ್ನೊಂದು ಚರ್ಚು. ಅದು ಪ್ರಾಟೆಸ್ಟೆಂಟರದ್ದು, ಚಿಕ್ಕದು, ಬಹಳ ಹಳೆಯದು.

ಮನೆಯೊಡತಿ ಬ್ರೀಡಾ. ವಯಸ್ಸು ಎಂಬತ್ತು ದಾಟಿದ್ದರೂ ತಾನೇ ಹುಲ್ಲು ಕತ್ತರಿಸುತ್ತಿದ್ದ ಗಟ್ಟಿ ಹೆಂಗಸು. ನಾನಿದ್ದದ್ದು ಅವರ ತವರುಮನೆ. ಅವರು ಮದುವೆಯಾದ ಮೇಲೆ ಎದುರಿಗೇ ಕಟ್ಟಿಸಿದ ಮನೆಯಲ್ಲಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳು ಬೇರೆ ಬೇರೆ ಊರುಗಳಲ್ಲಿದ್ದರು. ಭಾನುವಾರ ತಪ್ಪದೆ ದಿಬ್ಬದ ಚರ್ಚಿಗೆ ಹೋಗುವ ಕ್ಯಾಥೊಲಿಕ್. ನಾನು ಬೀಗದ ಕೈ ತೆಗೆದುಕೊಂಡ ದಿನ, "ಮಳೆ ಬಂದ್ರೆ ಹಿಂದಿನ ಬಾಗಿಲು ಸ್ವಲ್ಪ ಉಬ್ಬುತ್ತೆ, ಕಾಲಲ್ಲಿ ಒದ್ದುಬಿಡು, ಗ್ರ್ಯಾಂಡ್" ಎಂದಿದ್ದರು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಸರಿಹೋಗುತ್ತೆ ಎಂದಷ್ಟೇ ಅರ್ಥ. ಆ ವರ್ಷ ಬಾಗಿಲನ್ನು ಒದೆಯದ ದಿನವೇ ಇರಲಿಲ್ಲ.

ಜುಲೈನಲ್ಲಿ ಅಮ್ಮ ಬಂದಳು. ಅಪ್ಪ ಹೋಗಿ ವರ್ಷ ತುಂಬಿತ್ತು. ಫೋನಿನಲ್ಲಿ ನಾನು ಏನು ಕೇಳಿದರೂ "ಹೂಂ" ಅಥವಾ "ಏನೋ ನಡೀತಿದೆ" ಅಷ್ಟೇ. ಹಬ್ಬ ಮಾಡುವುದಿಲ್ಲ, ಮದುವೆ ಮುಂಜಿಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಮೈಸೂರಿನಿಂದ ಒಬ್ಬಳೇ ಧರ್ಮಸ್ಥಳಕ್ಕೆ ಹೋಗಿಬರುತ್ತಿದ್ದವಳು ಬೀದಿಯ ಕೊನೆಯ ಗಣೇಶನ ಗುಡಿಗೂ ಹೋಗುವುದನ್ನು ಬಿಟ್ಟಿದ್ದಾಳೆ ಎಂದು ಪಕ್ಕದ ಮನೆಯವರು ಹೇಳಿದಾಗ ನಾನು ಹಠ ಹಿಡಿದು ಮೂರು ತಿಂಗಳ ವೀಸಾ ಮಾಡಿಸಿ ಕರೆಸಿಕೊಂಡೆ. ಬಿಸಿಲು ತೋರಿಸುತ್ತೇನೆ, ಸಮುದ್ರ ತೋರಿಸುತ್ತೇನೆ ಎಂದೆಲ್ಲ ಆಸೆ ಹಚ್ಚಿದ್ದೆ. ಆ ಸಲ ಬೇಸಿಗೆಯೇ ಬರಲಿಲ್ಲ. ಅಟ್ಲಾಂಟಿಕ್ ಕಡೆಯಿಂದ ದಿನವೂ ಬೂದು ಮೋಡ ಬಂದು ಜಿನುಗುತ್ತಿತ್ತು. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಅಮ್ಮ ಕಿಟಕಿಯ ಬಳಿ ಕೂತವಳು, ಸಂಜೆ ಬಂದಾಗಲೂ ಅಲ್ಲೇ ಇರುತ್ತಿದ್ದಳು.

ಮೊದಲು ಅವಳನ್ನು ಮಾತಿಗೆಳೆದವರು ಬ್ರೀಡಾ. ಅದೂ ಭಾಷೆಯಿಲ್ಲದೆ. ತಮ್ಮ ಹಿತ್ತಲಿನಲ್ಲಿ ಬೆಳೆದ ರೂಬಾರ್ಬ್ ಎಂಬ ಕೆಂಪು ದಂಟನ್ನು ಒಂದು ಕಂತೆ ತಂದುಕೊಟ್ಟರು. ಇಲ್ಲಿಯವರು ಅದಕ್ಕೆ ಸಕ್ಕರೆ ಸುರಿದು ಸಿಹಿ ಮಾಡುತ್ತಾರೆ. ಅಮ್ಮ ಒಂದು ಚೂರು ಕಚ್ಚಿ ನೋಡಿ, "ಅಯ್ಯೋ, ಒಳ್ಳೆ ಹುಳಿ ಕಣೆ ಇದು!" ಎಂದು ಬೆಲ್ಲ, ಸಾರಿನ ಪುಡಿ, ಒಗ್ಗರಣೆ ಹಾಕಿ ಗೊಜ್ಜು ಮಾಡಿದಳು. ಬ್ರೀಡಾ ಅದನ್ನು ಬ್ರೆಡ್ಡಿಗೆ ಹಚ್ಚಿ ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಇನ್ನಷ್ಟು ಬೇಕೆಂದು ಬಾಟಲಿ ತಂದರು. ಅಂದಿನಿಂದ ಬ್ರೀಡಾ, ಅಮ್ಮನನ್ನು "ಲಲಿತಾ" ಎನ್ನಲಾರದೆ "ಲಲೀ" ಎಂದು ಕರೆಯುವುದು, ಅಮ್ಮ "ಬನ್ನಿ ಬ್ರೀಡಮ್ಮಾ" ಎಂದು ಕನ್ನಡದಲ್ಲೇ ಒಳಗೆ ಕರೆಯುವುದು ಶುರುವಾಯಿತು.

ಒಂದು ಸಂಜೆ ನಾನು ಬಂದಾಗ ಅಮ್ಮ ಮನೆಯಲ್ಲಿರಲಿಲ್ಲ. ಬ್ರೀಡಾ ಮನೆಯಲ್ಲೂ ಇಲ್ಲ. ಬೀದಿಗೆ ಓಡಿದವಳಿಗೆ ಹಳೆಯ ಚರ್ಚಿನ ಬಾಗಿಲಲ್ಲಿ ಅವಳ ಚಪ್ಪಲಿ ಕಂಡಿತು. ಮಳೆಯಲ್ಲಿ ನೆನೆಯುತ್ತಿತ್ತು. ಒಳಗೆ ಸೀಮೆಎಣ್ಣೆ ಹೀಟರಿನ ಪಕ್ಕ ಅಮ್ಮ ಕೂತಿದ್ದಳು. ಆಚೆ ಏಣಿಯ ಮೇಲೆ ನಿಂತು ಕಿಟಕಿ ಒರೆಸುತ್ತಿದ್ದ ಎತ್ತರದ ಮುದುಕಿ ನನ್ನನ್ನು ನೋಡಿ ಕೆಳಗಿಳಿದರು.

"ನಿಮ್ಮ ತಾಯಿನಾ? ಬಾಗಿಲು ತೆರೆದಿತ್ತು, ಬಂದು ಕೂತ್ರು. ನಾನೂ ಏನೂ ಕೇಳ್ಲಿಲ್ಲ, ಅವರೂ ಏನೂ ಹೇಳ್ಲಿಲ್ಲ. ಚೆನ್ನಾಗೇ ಇದ್ವಿ."

ಅವರ ಹೆಸರು ಹೇಜಲ್. ಬೀದಿಯ ಆ ತುದಿಯ ಮನೆಯವರು, ಮದುವೆಯಾಗದೆ ಟೀಚರಾಗಿ ನಿವೃತ್ತರಾದವರು. ಚರ್ಚಿನ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಗುಡಿಸುವುದು, ಗಂಟೆ ಹೊಡೆಯುವುದು, ಹೀಟರಿಗೆ ಎಣ್ಣೆ ತುಂಬುವುದು ಎಲ್ಲವೂ ಅವರದ್ದೇ.

"ಹೀಗೆ ಹೇಳದೆ ಕೇಳದೆ ಬಂದುಬಿಡೋದಾ ಅಮ್ಮಾ?" ಎಂದೆ.

"ದೇವ್ರ ಮನೆಗೆ ಬರೋಕೆ ಯಾರನ್ನ ಕೇಳ್ಬೇಕೇ? ಅಲ್ನೋಡು, ಗರುಡ!"

ಬೈಬಲ್ ಇಟ್ಟು ಓದುವ ಪೀಠವನ್ನು ತೋರಿಸುತ್ತಿದ್ದಳು. ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹದ್ದು, ಅದರ ಬೆನ್ನ ಮೇಲೆ ಪುಸ್ತಕ. ಅಮ್ಮನ ಮಾತನ್ನು ಹೇಜಲ್‌ಗೆ ಹೇಳಿದೆ. ಅವರು ಹದ್ದನ್ನು ಹೊಸದಾಗಿ ನೋಡುವವರಂತೆ ನೋಡಿ, "ಗ-ರು-ಡಾ" ಎಂದು ನಿಧಾನವಾಗಿ ಹೇಳಿದರು.

ಮಾರನೆಯ ದಿನ ಅಮ್ಮ ಹುಣಸೆಹಣ್ಣು ನೆನೆಸಿಕೊಂಡು ಹೋಗಿ ಗರುಡನನ್ನು ತಿಕ್ಕಿ ತೊಳೆದಳು. ಅಲ್ಲಿಂದ ಮುಂದೆ ಅದು ಅವಳ ಕೆಲಸವೇ ಆಯಿತು. ಶನಿವಾರಗಳಲ್ಲಿ ನಾನೂ ಹೋಗುತ್ತಿದ್ದೆ. ಬೆಂಚುಗಳಿಗೆ ಮೇಣ ಹಚ್ಚುತ್ತಾ ಹೇಜಲ್ ಊರಿನ ಕಥೆ ಹೇಳುತ್ತಿದ್ದರು. ಬಹಳ ಹಿಂದೆ ವೇಲ್ಸ್‌ನಿಂದ ಒಬ್ಬ ಸನ್ಯಾಸಿ ಚರ್ಮದ ದೋಣಿಯಲ್ಲಿ ಸಮುದ್ರ ದಾಟಿ ಬಂದು ಇಲ್ಲಿನ ಬಾವಿಯ ಪಕ್ಕ ಗುಡಿಸಲು ಹಾಕಿದನಂತೆ. ಐರಿಷ್ ಭಾಷೆಯಲ್ಲಿ ಕಿಲ್ ಎಂದರೆ ಚರ್ಚು, ಬ್ರಾನಾ ಎಂದರೆ ವೇಲ್ಸಿನವನು. ಊರಿನ ಹೆಸರು ಹಾಗೆ ಬಂದದ್ದು. ಗುಡಿಸಲು ಕಲ್ಲಿನ ಚರ್ಚಾಯಿತು, ಸುತ್ತ ಊರು ಬೆಳೆಯಿತು. ಆಮೇಲೆ ಇಂಗ್ಲೆಂಡಿನ ಅರಸರು ಪ್ರಾಟೆಸ್ಟೆಂಟರಾದಾಗ ಕಟ್ಟಡವನ್ನೂ ತಮ್ಮ ಕಡೆ ಎಳೆದುಕೊಂಡರು. ಜನ ಹೋಗಲಿಲ್ಲ. ಊರೆಲ್ಲ ಕ್ಯಾಥೊಲಿಕ್ಕಾಗಿಯೇ ಉಳಿದು, ಹೊಲಗಳಲ್ಲಿ, ಬಂಡೆಗಳ ಮರೆಯಲ್ಲಿ ಪೂಜೆ ಮಾಡಿಕೊಂಡಿತು. ಇಲ್ಲಿ ಜಮೀನ್ದಾರರೂ ಅವರನ್ನು ನೆಚ್ಚಿಕೊಂಡ ನಾಲ್ಕು ಮನೆಯವರೂ ಬಂದು ಕೂರುತ್ತಿದ್ದರು. ಗೋಪುರ ಕಟ್ಟಿಸಿದ್ದು ಆ ಜಮೀನ್ದಾರರೇ. ಅವರು ಹೋದರು, ಅವರ ಬಂಗಲೆ ಬಿತ್ತು, ಗೋಪುರ ಉಳಿಯಿತು.

"ನಮ್ಮಪ್ಪ ಜಮೀನ್ದಾರನಲ್ಲ, ಅವರ ತೋಟ ನೋಡ್ಕೊಳ್ತಿದ್ದ ಮೇಸ್ತ್ರಿ ಅಷ್ಟೆ," ಎಂದರು ಹೇಜಲ್. "ಆದ್ರೂ ಊರಿಗೆ ನಾವು ಆ ಕಡೆಯವರೇ."

ಈಗ ಆ ಕಡೆಯವರು ಆರೇಳು ಜನ ಉಳಿದಿದ್ದರು. ಸೂರಿನ ಮರ ಹುಳು ಹಿಡಿದಿತ್ತು. ಮೇಲಿನವರು ತೀರ್ಮಾನ ಮಾಡಿಯಾಗಿತ್ತು: ಶರತ್ಕಾಲದ ಸುಗ್ಗಿಯ ಪ್ರಾರ್ಥನೆ ಮುಗಿದ ಮೇಲೆ ಚರ್ಚಿಗೆ ಬೀಗ. ಹೇಜಲ್ ಅಷ್ಟೊಂದು ತೊಳೆದು ಬಳಿಯುತ್ತಿದ್ದದ್ದು ಕೊನೆಯ ದಿನಕ್ಕಾಗಿ.

ಊರಿನವರೆಲ್ಲ ಒಂದೊಂದು ಕೈ ನೀಡತೊಡಗಿದ್ದರು. ಪಬ್ಬಿನವನು ಚರಂಡಿ ಬಿಡಿಸಿಕೊಟ್ಟ, ಶಾಲೆಯವರು ಹುಲ್ಲು ಕತ್ತರಿಸಿದರು. ಬ್ರೀಡಾ ಮಾತ್ರ ಆ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಬೀದಿಯಲ್ಲಿ ಹೇಜಲ್ ಎದುರಾದರೆ "ಇವತ್ತು ಮಳೆ ಕಡಿಮೆ", "ಹೌದು, ಕಡಿಮೆ" ಅಷ್ಟೇ. ಒಂದು ದಿನ ಬ್ರೀಡಾ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಣಹಾಕಲು ನೆರವಾಗುತ್ತಿದ್ದಾಗ, "ಸುಗ್ಗಿ ಪ್ರಾರ್ಥನೆಗೆ ನೀವೂ ಬರ್ತೀರಲ್ವಾ?" ಎಂದು ಕೇಳಿದೆ.

"ನಾನು ಆ ಬಾಗಿಲು ದಾಟಿದವಳೇ ಅಲ್ಲ, ಸುಮಾ," ಎಂದರು.

ನಾನು ತಮಾಷೆ ಎಂದುಕೊಂಡೆ. ಹುಟ್ಟಿದ ಮನೆಯ ಗೋಡೆಗೆ ಅಂಟಿಕೊಂಡ ಚರ್ಚು! ಬ್ರೀಡಾ ಕೈಯಲ್ಲಿದ್ದ ಟವೆಲ್ಲನ್ನು ಮಡಿಸುತ್ತಾ, ಬಿಚ್ಚುತ್ತಾ ಹೇಳಿದರು.

"ನಮ್ಮ ಕಾಲದಲ್ಲಿ ಫಾದರ್ ಹೇಳಿದ್ದೇ ಹೇಳಿದ್ದು. ಪ್ರಾಟೆಸ್ಟೆಂಟರ ಪ್ರಾರ್ಥನೆಗೆ ಹೋಗೋದು ಪಾಪ. ಮದುವೆಗೂ ಹೋಗೋ ಹಾಗಿಲ್ಲ, ಸಾವಿಗೂ ಇಲ್ಲ. ಹೇಜಲ್‌ಗೆ ಒಬ್ಬ ಅಕ್ಕ ಇದ್ಲು, ಆಲಿವ್. ನಂದೇ ವಯಸ್ಸು. ಒಂದೇ ಸೈಕಲ್ ಮೇಲೆ ಇಬ್ರೂ ಹೋಗ್ತಿದ್ವಿ. ಇಪ್ಪತ್ತು ತುಂಬೋ ಮುಂಚೆ ಮಿದುಳು ಜ್ವರ ಬಂದು ಹೋಗ್ಬಿಟ್ಲು. ಶವದ ಪೆಟ್ಟಿಗೆ ಚರ್ಚೊಳಗೆ ಹೋಯ್ತು. ನಾನು ಗೇಟಿನ ಹತ್ರ ಹೋದೆ. ನಮ್ಮಪ್ಪ ಕೈ ಹಿಡಿದು ವಾಪಸ್ ಕರ್ಕೊಂಡು ಬಂದ. ಇಲ್ಲೇ, ಈ ಗೋಡೆ ಹತ್ರ ನಿಂತ್ಕೊಂಡು ಎಲ್ಲಾ ಕೇಳಿಸ್ಕೊಂಡೆ. ಹಾಡಿದ್ದು, ಅವರಮ್ಮ ಅತ್ತಿದ್ದು, ಮಣ್ಣು ಹಾಕಿದ್ದು."

"ಹೇಜಲ್‌ಗೆ ಗೊತ್ತಾ?"

"ಆಗ ಅವಳು ಸ್ಕೂಲಿಗೆ ಹೋಗೋ ಹುಡುಗಿ. ಹೊರಗೆ ಬಂದು ಗೇಟಿನ ಕಡೆ ನೋಡಿದ್ಲಂತೆ, ನಾನಿರ್ಲಿಲ್ಲ. ಆಮೇಲೆ ಫಾದರ್‌ಗಳೇ ಪರವಾಗಿಲ್ಲ, ಹೋಗ್ಬಹುದು ಅಂದ್ರು. ಆದ್ರೆ ಆಲಿವ್‌ಗೆ ಹೋಗದವಳು ಇನ್ಯಾರಿಗೆ ಅಂತ ಹೋಗ್ಲಿ?"

ಅವರು ಹೋದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು. ಇಷ್ಟು ದಿನ ನನಗೆ ಹೇಳದೇ ಇದ್ದದ್ದನ್ನು ಹೇಳಿದಳು.

"ನಿಮ್ಮಪ್ಪ ಹೋದ್ಮೇಲೆ ನಿಮ್ಮತ್ತೆ ಮಗಳು ಸುಧಾಳ ಮದ್ವೆ ಆಯ್ತಲ್ಲ. ಹುಟ್ಟಿದಾಗಿಂದ ಎತ್ತಿ ಆಡಿಸಿದ ಹುಡುಗಿ ಅವಳು. ಆರತಿ ತಟ್ಟೆ ಕೈಲಿ ಹಿಡ್ಕೊಂಡಿದ್ದೆ. ನಿಮ್ಮತ್ತೆ ಬಂದು, 'ಅತ್ತಿಗೆ, ತಪ್ಪು ತಿಳ್ಕೋಬೇಡಿ, ನೀವು ಸ್ವಲ್ಪ ಹಿಂದೆ ಕೂತ್ಕೊಳ್ಳಿ' ಅಂತ ಮೆಲ್ಲಗೆ ತಟ್ಟೆ ತಗೊಂಡ್ಲು. ಅವಳೇನು ಕೆಟ್ಟವಳಲ್ಲ. ನಾನೂ ಹೋಗಿ ಹಿಂದೆ ಕೂತೆ. ಅಷ್ಟೆ."

ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು ಎದ್ದಳು. "ಪಾಪ, ಆ ಹೇಜಲ್ಲಿಗೆ ಗೊತ್ತಾಗ್ಬೇಕು ಕಣೆ," ಎಂದಳು.

"ಬೇಡಮ್ಮ. ಅದು ಅವರಿಬ್ಬರ ವಿಷಯ."

"ಅರವತ್ತು ವರ್ಷದಿಂದ ಅವರಿಬ್ಬರಿಗೇ ಬಿಟ್ಟಿದ್ದಾಯ್ತಲ್ಲ!"

ಶನಿವಾರ ಚರ್ಚಿನಲ್ಲಿ ನಾನು ಅನುವಾದ ಮಾಡಲು ಒಪ್ಪಲಿಲ್ಲ. ಅಮ್ಮ ತಾನೇ ಶುರು ಮಾಡಿದಳು. ತನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ, ಕೈಯಿಂದ ಗೋಡೆ ತೋರಿಸುತ್ತಾ: ಆಲಿವ್, ಬ್ರೀಡಾ, ಗೋಡೆ, ಅಳು, ಕೊನೆವರೆಗೂ. ಹೇಜಲ್ ಮೇಣದ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಇಲ್ಲ. ಅವಳು ಹೊರಟುಹೋಗಿದ್ಲು. ನಾನು ನೋಡಿದೀನಿ," ಎಂದು ನನ್ನ ಕಡೆ ತಿರುಗಿದರು. "ದಯವಿಟ್ಟು ಇವತ್ತಿಗೆ ಸಾಕು. ನಾನು ಬೀಗ ಹಾಕ್ಬೇಕು."

ಮರುದಿನದಿಂದ ಚರ್ಚಿನ ಬಾಗಿಲು ಹಗಲಿನಲ್ಲೂ ಮುಚ್ಚಿರತೊಡಗಿತು. ವಿಷಯ ಬ್ರೀಡಾಗೂ ಹೇಗೋ ತಲುಪಿತು. ಅವರು ನಮ್ಮ ಬಾಗಿಲಿಗೆ ಬಂದು, "ಅದನ್ನ ಹೇಳೋ ಹಕ್ಕು ನಿಮಗಿರ್ಲಿಲ್ಲ," ಎಂದಷ್ಟೇ ಹೇಳಿ ಹೋದರು. ಧ್ವನಿ ಎತ್ತಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹಿಂಸಿಸಿತು. ಅಮ್ಮ ಮತ್ತೆ ಕಿಟಕಿಯ ಬಳಿ ಸೇರಿದಳು. ಸೆಪ್ಟೆಂಬರ್ ಪೂರ್ತಿ ಹಾಗೇ ಕಳೆಯಿತು. ಹೊಲಗಳಲ್ಲಿ ಹುಲ್ಲಿನ ಸುರುಳಿಗಳಿಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಪೇರಿಸಿದರು, ಬೇಲಿಯ ಮುಳ್ಳುಗಿಡಗಳಲ್ಲಿ ಕಪ್ಪು ಹಣ್ಣುಗಳು ಉದುರಿ ಮುಗಿದವು. ವಾರಾಂತ್ಯಕ್ಕೆ ಬಂದ ರಘು, "ಅತ್ತೆ, ಬೇಜಾರು ಮಾಡ್ಕೋಬೇಡಿ, ನೀವು ಒಳ್ಳೇದಕ್ಕೇ ಹೇಳಿದ್ರಿ," ಎಂದರೆ, "ಒಳ್ಳೇದಾಗ್ಲಿಲ್ವಲ್ಲಪ್ಪಾ," ಎಂದಳು. ಅವಳು ಮೈಸೂರಿಗೆ ಹೊರಡುವ ದಿನ ಹತ್ತಿರ ಬರುತ್ತಿತ್ತು.

ಸುಗ್ಗಿಯ ಭಾನುವಾರ ಬಂತು. ಹೋಗುವುದೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದಾಗ ಅಮ್ಮ ಅಪ್ಪ ಇದ್ದಾಗ ಉಡುತ್ತಿದ್ದ ಹಸಿರು ರೇಷ್ಮೆ ಸೀರೆ ಉಟ್ಟು ಸಿದ್ಧವಾಗಿ ನಿಂತಿದ್ದಳು. ಚರ್ಚು ತುಂಬಿಹೋಗಿತ್ತು. ಆರೇಳು ಜನ ಕೂರುತ್ತಿದ್ದ ಕಡೆ ಊರಿಗೆ ಊರೇ ಬಂದಿತ್ತು. ಕಿಟಕಿಗಳ ಕೆಳಗೆ ಎಲೆಕೋಸು, ಸೇಬು, ಗೋಧಿಯ ತೆನೆ, ಒಲೆಗೆ ಉರಿಸಲು ಒಣಗಿಸಿದ ಟರ್ಫ್ ಮಣ್ಣಿನ ಹೆಂಟೆ, ಶಾಲೆಯ ಮಕ್ಕಳು ಬೆಳೆದ ವಕ್ರ ಕ್ಯಾರೆಟ್ಟು. ದಿಬ್ಬದ ಚರ್ಚಿನ ಫಾದರ್ ಕೂಡ ಬಂದು ಮೂರನೇ ಬೆಂಚಿನಲ್ಲಿ ಕೂತಿದ್ದರು. ಅವರು ಕೇರಳದಿಂದ ಬಂದ ತರುಣ. ಹಿಂದೊಮ್ಮೆ ಇಲ್ಲಿಗೆ ಬರುವುದೇ ನಿಷಿದ್ಧವಾಗಿತ್ತು ಎನ್ನುವುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಹೇಜಲ್ ಬಾಗಿಲಲ್ಲಿ ನೀಲಿ ಟೋಪಿ ಹಾಕಿಕೊಂಡು ಎಲ್ಲರ ಕೈಕುಲುಕುತ್ತಿದ್ದರು. ಅಮ್ಮನ ಕೈಯನ್ನೂ ಹಿಡಿದರು. ಒಳಗೆಲ್ಲ ಕಣ್ಣಾಡಿಸಿದರು. ಅವರು ಯಾರನ್ನು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಪ್ರಾರ್ಥನೆ ನಡೆಸಲು ಬಂದಿದ್ದ ಮಹಿಳಾ ಪಾದ್ರಿ ಗಡಿಯಾರ ನೋಡಿಕೊಂಡು, "ಶುರು ಮಾಡೋಣ್ವಾ, ಹೇಜಲ್?" ಎಂದು ಕೇಳಿದರು.

"ಸ್ವಲ್ಪ ತಡೀರಿ," ಎಂದು ಹೇಜಲ್ ಕೊಡೆಯನ್ನೂ ತೆಗೆದುಕೊಳ್ಳದೆ ಹೊರಗೆ ನಡೆದರು.

ಬಾಗಿಲ ಬಳಿ ಇದ್ದವರೆಲ್ಲ ನೋಡಿದೆವು. ಅವರು ಬೀದಿ ದಾಟಿ ಬ್ರೀಡಾ ಮನೆಯ ಗೇಟಿಗೆ ಹೋದರು. ಒಳಗೆ ಹೋಗಲಿಲ್ಲ, ಬೆಲ್ ಒತ್ತಲಿಲ್ಲ. ಗೇಟಿನ ಹೊರಗೆ, ಎರಡೂ ಕೈ ಕಟ್ಟಿಕೊಂಡು, ಮಳೆಯಲ್ಲಿ ನಿಂತರು. ಕಿಟಕಿಯ ಪರದೆ ಅಲುಗಿತು. ಅವರು ಕದಲಲಿಲ್ಲ. ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕೊನೆಗೆ ಬಾಗಿಲು ತೆರೆದು ಬ್ರೀಡಾ ಏಪ್ರನ್ನಿನಲ್ಲೇ ಬಂದರು. "ಒದ್ದೆಯಾಗ್ತಿದೀಯಲ್ಲೇ, ಹುಚ್ಚಿ!" ಎಂದದ್ದು ನಮಗೂ ಕೇಳಿಸಿತು. ಹೇಜಲ್ ಏನು ಹೇಳಿದರೋ ಕೇಳಿಸಲಿಲ್ಲ. ಇಬ್ಬರೂ ಗೇಟಿನ ಎರಡು ಬದಿಯಲ್ಲಿ ನಿಂತು ಮಾತಾಡಿದರು. ಆಮೇಲೆ ಬ್ರೀಡಾ ಏಪ್ರನ್ ಬಿಚ್ಚಿ ಗೇಟಿನ ಮೇಲೆ ಹಾಕಿ, ಬೀದಿಗೆ ಬಂದರು.

ಚರ್ಚಿನ ಹೊಸಿಲಿನವರೆಗೆ ಬಂದವರು ನಿಂತುಬಿಟ್ಟರು. ಹೇಜಲ್ ಏನು ಮಾಡುವುದೆಂದು ತಿಳಿಯದೆ ನಮ್ಮ ಕಡೆ ನೋಡಿದರು. ಅಮ್ಮ ಬೆಂಚಿನಿಂದೆದ್ದು ಹೋಗಿ, "ಬನ್ನಿ ಬ್ರೀಡಮ್ಮಾ," ಎಂದು ಕೈ ಚಾಚಿದಳು. ಮನೆಯೊಳಗೆ ಕರೆಯುತ್ತಿದ್ದ ಹಾಗೇ. ಬ್ರೀಡಾ ಆ ಕೈ ಹಿಡಿದು ಒಳಗೆ ಬಂದರು. ಸುತ್ತ ನೋಡಿದರು. ಸೂರು, ಗೋಪುರದ ಹಗ್ಗ, ಗರುಡ, ನಾಲ್ಕು ಕಿಟಕಿ.

"ಇಷ್ಟೇನಾ?" ಎಂದರು. "ಇಷ್ಟು ಚಿಕ್ಕದಾ?"

ಯಾರೋ ಬಿಕ್ಕಿದರು. ಹೇಜಲ್ ಅವರನ್ನು ಮುಂದಿನ ಬೆಂಚಿಗೆ, ತಮ್ಮ ಮನೆಯವರ ಜಾಗಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದರು; ಬ್ರೀಡಾ ಅಮ್ಮನ ಕೈ ಬಿಡಲಿಲ್ಲ. ಹಾಗಾಗಿ ಮೂವರೂ ನಡುದಾರಿಯಲ್ಲಿ ಒಟ್ಟಿಗೆ ನಡೆದರು. ಅಮ್ಮ ತಲೆಯೆತ್ತಿಕೊಂಡು, ಹಸಿರು ಸೆರಗು ಹೊದ್ದು, ತುಂಬಿದ ಸಭೆಯ ಮುಂದಿನ ಸಾಲಿಗೆ ಹೋಗಿ ಕೂತಳು. ನಾನು ಹಿಂದಿನಿಂದ ನೋಡುತ್ತಿದ್ದೆ. ನನಗೆ ಹಾಡು, ಪ್ರಾರ್ಥನೆ ಯಾವುದೂ ಸರಿಯಾಗಿ ಕಿವಿಗೆ ಬೀಳಲಿಲ್ಲ.

ಎಲ್ಲ ಮುಗಿದು ಜನ ಚಹಾಕ್ಕೆಂದು ಶಾಲೆಯ ಕಡೆ ಹೊರಟರು. ಹೇಜಲ್ ಬೀಗ ಹಾಕುವುದಷ್ಟೇ ಬಾಕಿ. ಬ್ರೀಡಾ ಆಲಿವ್‌ಳ ಪೆಟ್ಟಿಗೆ ಎಲ್ಲಿಟ್ಟಿದ್ದರು ಎಂದು ಕೇಳಿದರು, ಹೇಜಲ್ ತೋರಿಸಿದರು. ಅಲ್ಲೇ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂತರು. ಬ್ರೀಡಾರನ್ನು ಮನೆಗೆ ಬಿಡಬೇಕೆಂದು ನಾನೂ ಅಮ್ಮನೂ ಬಾಗಿಲ ಮುಂದಿನ ಸೂರಿನ ಕೆಳಗೆ ಕಾಯುತ್ತಾ ನಿಂತೆವು. ಒಳಗಿನಿಂದ ಬ್ರೀಡಾರ ಮಾತು ಸಣ್ಣಗೆ ಕೇಳಿಸಿತು.

"...ಬೂಟು ಕೈಯಲ್ಲಿ ಹಿಡ್ಕೊಂಡು ಕಿಟಕಿಯಿಂದ ಹಾರಿದ್ಲು, ನೇರ ನಿಮ್ಮಪ್ಪನ ಎಲೆಕೋಸಿನ ಮಡಿ ಮೇಲೆ..."

"ನಮ್ಮ ಆಲಿವಾ? ಡ್ಯಾನ್ಸಿಗೆ? ಸುಳ್ಳು!"

"ಅವಳಲ್ದೆ ಇನ್ಯಾರು! ಎಲೆಕೋಸು ಹಾಳಾಗಿದ್ದಕ್ಕೆ ನಿಮ್ಮಪ್ಪ ನಮ್ಮನೆ ಹಸುವಿಗೆ ಬೈದಿದ್ದ, ಜ್ಞಾಪಕ ಇಲ್ವಾ?"

ಹೇಜಲ್ ನಕ್ಕರು. ಮೊದಲು ತಡೆದುಕೊಳ್ಳುತ್ತಾ, ಆಮೇಲೆ ತಡೆಯಲಾರದೆ. ಅಕ್ಕನನ್ನು ಕಳೆದುಕೊಂಡಾಗ ಅವರು ತೀರ ಚಿಕ್ಕವರು. ಇಂಥದ್ದನ್ನೆಲ್ಲ ಹೇಳಲು ಊರಿನಲ್ಲಿ ಇದ್ದದ್ದು ಒಬ್ಬರೇ.

"ಏನಂತೆ?" ಎಂದಳು ಅಮ್ಮ.

"ಅವರಕ್ಕನ ಕಥೆ ಹೇಳ್ತಿದಾರೆ."

ಅಮ್ಮ ಒಮ್ಮೆ ಒಳಗೆ ಇಣುಕಿ ನೋಡಿ, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಮಳೆಗಿಳಿದಳು.

"ಹಾಗಾದ್ರೆ ನಡಿ, ನಾವು ಹೋಗೋಣ. ಅವರು ಈಗಲೇ ಏಳೋ ಹಾಗೆ ಕಾಣಲ್ಲ."